ಸೊಸೆ ಮನೆ ತುಂಬುವ ವರ್ಷವೇ ಅತ್ತೆಗೆ ನಿದ್ದೆ ಹಾರುವುದೇಕೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಮನೆಗಳಲ್ಲಿ ಅತ್ತೆ-ಸೊಸೆಗೆ ಯಾಕೆ ಕೂಡಿಬರುತ್ತಿಲ್ಲ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ಆಕಿ ಗುಣಾನ ಹಂಗ ಐತ್ರಿ.' ಗುಣದ ಮೇಲೆ ಹಾಕಿಬಿಟ್ಟರೆ ಮುಂದೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ತಾಳಿಕೊಳ್ಳಬೇಕು, ಇಲ್ಲಾ ಒಲೆ ಬೇರೆ ಹೂಡಬೇಕು. ಗುಣದ ಮಾತಿಗೆ ಹೋಗುವ ಮೊದಲು ಮನೆಯವರೆಲ್ಲರ ವಯಸ್ಸನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದು ನೋಡಿ. ಮನುಷ್ಯನ ಬೆಳವಣಿಗೆ ಹದಿನೆಂಟಕ್ಕೆ ನಿಂತುಬಿಡುವುದಿಲ್ಲ. 14ರಲ್ಲಿ ದೇಹ, ಮಿದುಳು ತಿರುವು ತೆಗೆದುಕೊಂಡಂತೆ 46ರಲ್ಲೂ 68ರಲ್ಲೂ ತೆಗೆದುಕೊಳ್ಳುತ್ತವೆ. ಕೂಡು ಕುಟುಂಬದಲ್ಲಿ ಈ ತಿರುವುಗಳೆಲ್ಲ ಒಂದೇ ಸೂರಿನಡಿ, ಎಷ್ಟೋ ಸಲ ಒಂದೇ ವರ್ಷದಲ್ಲಿ ಬಂದು ಬೀಳುತ್ತವೆ.

ಲೆಕ್ಕಕ್ಕೆಂದು ಒಂದು ಮನೆ ಹಿಡಿಯೋಣ. ಜಮಖಂಡಿ ತಾಲೂಕು, ಕೃಷ್ಣಾ ದಂಡೆಯ ಊರು, ನಾಲ್ಕೆಕರೆ ಕಬ್ಬು, ಎರಡು ಎಮ್ಮೆ. ಆಯಿಗೆ, ಅಂದರೆ ಅಜ್ಜಿಗೆ, 68. ಆಯಿಯ ಮಗನಿಗೆ, ಅಂದರೆ ಮನೆಯ ಯಜಮಾನನಿಗೆ, 51. ಅವನ ಹೆಂಡತಿಗೆ 46. ಅವರ ದೊಡ್ಡ ಮಗನಿಗೆ 25, ಕಡೆಹುಟ್ಟು ಮಗಳಿಗೆ 14. ಬಸವ ಜಯಂತಿಯ ಆಸುಪಾಸಿನ ಮುಹೂರ್ತದಲ್ಲಿ ಮನೆ ತುಂಬಿದ ಸೊಸೆಗೆ 21. ಮನೆ ಕಲ್ಪಿತ, ವಯಸ್ಸುಗಳು ಮಾತ್ರ ಈ ಭಾಗದಲ್ಲಿ ಸಹಜವಾದವು. ಇಪ್ಪತ್ತರ ಹತ್ತಿರ ಮದುವೆ, ಇಪ್ಪತ್ತೊಂದಕ್ಕೆ ಚೊಚ್ಚಲ ಮಗ, ಆ ಮಗನಿಗೆ ಇಪ್ಪತ್ತೈದಕ್ಕೆ ಮದುವೆ. 21ಕ್ಕೆ 25 ಕೂಡಿಸಿದರೆ 46. ಭಾರತದ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸೂ ಹೆಚ್ಚುಕಡಿಮೆ ಅದೇ. ಯುರೋಪು, ಅಮೆರಿಕದಲ್ಲಿ ಅದು 51ರ ಸುಮಾರು. ಹೀಗಾಗಿ ನಮ್ಮಲ್ಲಿ ಒಬ್ಬ ಹೆಣ್ಣುಮಗಳು ಅತ್ತೆಯಾಗುವ ವರ್ಷವೂ ಅವಳ ಮುಟ್ಟು ಏರುಪೇರಾಗುವ ವರ್ಷವೂ ಒಂದರ ಮೇಲೊಂದು ಬಂದು ಕೂರುತ್ತವೆ. ಜಾತಕದಲ್ಲಿ ಯಾರೂ ನೋಡದ ಈ ಕೂಡಿಕೆಯೇ ಮೊದಲ ವರ್ಷದ ಜಗಳಕ್ಕೆ ಒಂದು ದಪ್ಪ ಬೇರು.

ನಲವತ್ತಾರರ ರಾತ್ರಿ

ಹನ್ನೆರಡು ತಿಂಗಳು ಸತತ ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎನ್ನುತ್ತಾರೆ. ಹೆಚ್ಚು ಕಾಡುವುದು ಅದಕ್ಕೂ ಮುಂಚಿನ ಮೂರು-ನಾಲ್ಕು ವರ್ಷ. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಒಂದೇ ಸಮನೆ ಇಳಿಯುತ್ತ ಹೋಗುವುದಿಲ್ಲ. ಒಂದು ತಿಂಗಳು ಏರುತ್ತದೆ, ಮುಂದಿನ ತಿಂಗಳು ಕುಸಿಯುತ್ತದೆ. ಮೈಯ ಕಾವನ್ನು ಹದದಲ್ಲಿಡುವ ಮಿದುಳಿನ ಭಾಗ ಈ ಏರಿಳಿತದಿಂದ ಸೂಕ್ಷ್ಮವಾಗಿ, ಸೆಕೆ ಕೊಂಚ ಹೆಚ್ಚಿದರೂ ಮೈ ಕಾದಿದೆ ಎಂದು ತಪ್ಪು ತಿಳಿದು ಚರ್ಮದ ರಕ್ತನಾಳಗಳನ್ನು ತೆರೆದುಬಿಡುತ್ತದೆ. ಎದೆಯಿಂದ ಮುಖಕ್ಕೆ ಬೆಂಕಿ ಏರಿದಂತಾಗಿ ಬೆವರು ಕಿತ್ತುಕೊಳ್ಳುತ್ತದೆ. ಒಂದರಿಂದ ಐದು ನಿಮಿಷ, ಆಮೇಲೆ ಚಳಿ. 'ಫ್ಯಾನ್ ಹಚ್ಚು' ಅಂದವಳು ಹತ್ತು ನಿಮಿಷದೊಳಗೆ 'ಬಂದ್ ಮಾಡು' ಅನ್ನುವುದು ಇದಕ್ಕೇ. ವಿಜಯಪುರದ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿದಾಗ ಒಲೆಯ ಮುಂದೆ ಕುಳಿತು ಇಪ್ಪತ್ತು-ಮೂವತ್ತು ರೊಟ್ಟಿ ಬಡಿಯುವವಳಿಗೆ ಇದು ದಿನಕ್ಕೆ ಹಲವು ಸಲ ಬರಬಹುದು.

ಹಗಲಿಗಿಂತ ರಾತ್ರಿ ಕಷ್ಟ. ಎರಡು-ಮೂರು ಗಂಟೆಗೆ ಕುಪ್ಪಸ ತೊಯ್ದು ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ತಿಂಗಳುಗಟ್ಟಲೆ ಹೀಗಾದರೆ ಬೆಳಗಿನ ಸಿಟ್ಟು ತಪ್ಪುವುದಿಲ್ಲ. ಜೊತೆಗೆ ಕೀಲು ನೋವು, ಎದೆ ಬಡಿತ, ಮರೆವು. ತಿಜೋರಿಯ ಕೀಲಿ ಎಲ್ಲಿಟ್ಟೆನೆಂದು ಅತ್ತೆಗೆ ನೆನಪಾಗುವುದಿಲ್ಲ. ಮನೆಗೆ ಹೊಸಬಳಾದವಳು ಸೊಸೆ. ಅನುಮಾನ ಅತ್ತಲೇ ಹೊರಳುತ್ತದೆ. ಸೊಸೆಗೆ ಕಾಣುವುದು ಕೊನೆಯ ದೃಶ್ಯ ಮಾತ್ರ: ಏಳುತ್ತಿದ್ದಂತೆ ಬೈಯುವ, ಕಾರಣವಿಲ್ಲದೆ ಕಣ್ಣೀರು ಹಾಕುವ, ಕಳ್ಳತನ ಹೊರಿಸುವ ಅತ್ತೆ. ಇಬ್ಬರಿಗೂ ನಡುವಿನ ಕೊಂಡಿ ಗೊತ್ತಿರುವುದಿಲ್ಲ. ಅತ್ತೆಗೂ ಗೊತ್ತಿರುವುದಿಲ್ಲ ಎಂಬುದೇ ಹೆಚ್ಚು ನೋವಿನ ಮಾತು. ಮುಟ್ಟು ನಿಂತರೆ 'ಸುಟ್ಟೀ ಆತು' ಎಂದಷ್ಟೇ ಆಕೆಗೆ ಹಿರಿಯರು ಹೇಳಿರುತ್ತಾರೆ.

ಮನೆಮಟ್ಟದಲ್ಲಿ ಮಾಡಬಹುದಾದದ್ದು ಸಣ್ಣದೇ, ಕೆಲಸ ಮಾತ್ರ ಮಾಡುತ್ತದೆ. ಮಲಗುವಾಗ ದಪ್ಪ ಕೌದಿಯ ಬದಲು ತೆಳು ಹತ್ತಿಯ ಎರಡು ಹೊದಿಕೆ, ಬೇಕಾದಾಗ ಒಂದನ್ನು ಸರಿಸಲು. ತಲೆದಿಂಬಿನ ಹತ್ತಿರ ತಂಬಿಗೆ ನೀರು. ಸಂಜೆ ನಾಲ್ಕರ ಮೇಲೆ ಚಹಾ ಬೇಡ. ರೊಟ್ಟಿಯನ್ನು ಬೆಳಿಗ್ಗೆ ತಂಪಿನಲ್ಲೇ ಮುಗಿಸಿಬಿಡುವುದು. ರಾತ್ರಿ ಹಾಳಾದ ದಿನ ಮಧ್ಯಾಹ್ನ ಅರ್ಧ ತಾಸು ಮಲಗಬಹುದು; ಎರಡು ತಾಸು ಮಲಗಿದರೆ ಮರುರಾತ್ರಿಯೂ ಕೆಡುತ್ತದೆ. ಎಲುಬಿನ ಸವೆತ ಇದೇ ವಯಸ್ಸಿನಲ್ಲಿ ವೇಗ ಪಡೆಯುತ್ತದೆ, ಆದ್ದರಿಂದ ಸುಣ್ಣದಂಶ ದಿನಕ್ಕೆ 1000 ಮಿಲಿಗ್ರಾಂ ಆದರೂ ಬೇಕು. ಜೋಳದ ರೊಟ್ಟಿಯನ್ನು ಎಷ್ಟು ಹೊಗಳಿದರೂ ಈ ವಿಷಯದಲ್ಲಿ ಅದು ಬಡವ: 100 ಗ್ರಾಂ ಜೋಳದಲ್ಲಿ 30 ಮಿಲಿಗ್ರಾಂ ಕೂಡ ಇರುವುದಿಲ್ಲ. ಒಂದು ಲೋಟ ಎಮ್ಮೆ ಹಾಲು ಅಥವಾ ಮೊಸರು 200 ಮಿಲಿಗ್ರಾಂ ದಾಟುತ್ತದೆ, ಒಂದು ದೊಡ್ಡ ಚಮಚ ಎಳ್ಳು 100ರ ಹತ್ತಿರ ಕೊಡುತ್ತದೆ. ಹೈನಿನ ಹಾಲೆಲ್ಲ ಡೇರಿಗೆ ಹೋಗುವ ಮನೆಯಲ್ಲಿ ಕರೆಯುವವಳ ಪಾಲಿಗೆ ಒಂದು ಲೋಟ ಉಳಿಯುತ್ತದೆಯೇ ಎಂದು ಯಜಮಾನ ನೋಡಬೇಕು.

ವೈದ್ಯರ ಬಳಿಗೆ ಹೋಗಲೇಬೇಕಾದ ಗುರುತುಗಳಿವೆ. ಒಂದು ತಾಸಿಗೆ ಒಂದು ಪ್ಯಾಡ್ ತೊಯ್ಯುವಷ್ಟು ಸ್ರಾವ ಕೆಲವು ತಾಸು ಬಿಡದೆ ಆದರೆ, ಅಥವಾ ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ಕಂಡರೂ ತಡ ಮಾಡಬಾರದು. ಎರಡನೆಯದು ಗರ್ಭಕೋಶದ ಕ್ಯಾನ್ಸರಿನ ಸುಳಿವಿರಬಹುದು. ಆದರೆ ಬರೀ ಸ್ರಾವದ ಏರುಪೇರಿಗೆ 'ಚೀಲಾ ತಗಿಸಿಬಿಡ್ರಿ', ಅಂದರೆ ಗರ್ಭಕೋಶವನ್ನೇ ತೆಗೆಸಿಬಿಡಿ, ಎಂಬ ಸಲಹೆಗೆ ತಕ್ಷಣ ಒಪ್ಪುವುದು ಬೇಡ. ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಂಥ ದಾರಿಗಳಿವೆಯೇ, ಅಂಡಾಶಯ ಉಳಿಸುತ್ತೀರಾ ಎಂಬೆರಡು ಪ್ರಶ್ನೆ ಕೇಳಿ, ಇನ್ನೊಬ್ಬ ವೈದ್ಯರ ಮಾತನ್ನೂ ತೆಗೆದುಕೊಳ್ಳಿ. 45ರೊಳಗೆ ಅಂಡಾಶಯವನ್ನೂ ತೆಗೆದರೆ ವರ್ಷಗಳಲ್ಲಿ ಆಗಬೇಕಾದ ಇಳಿತ ಒಂದೇ ದಿನದಲ್ಲಿ ಆಗುತ್ತದೆ, ಎಲುಬು ಮತ್ತು ಹೃದಯಕ್ಕೆ ಪೆಟ್ಟು ಹೆಚ್ಚು.

ಅಡುಗೆಮನೆಯ ಅಧಿಕಾರದ ಬಗ್ಗೆ ಇಲ್ಲೇ ಹೇಳಬೇಕು. 'ಇಬ್ಬರೂ ಕೂಡಿ ಮಾಡ್ರಿ' ಎಂಬುದು ಕೇಳಲು ಚಂದ, ನಡೆಯುವುದಿಲ್ಲ. ಒಂದೇ ಒಲೆಗೆ ಇಬ್ಬರು ಒಡೆಯರಾದರೆ ಉಪ್ಪಿನ ಅಳತೆಯೂ ಅವಮಾನವಾಗುತ್ತದೆ. ಒಂದು ಹೊತ್ತನ್ನು ಇಡಿಯಾಗಿ ಬಿಟ್ಟುಕೊಡುವುದು ಒಳ್ಳೆಯ ದಾರಿ: ಮೂರನೆಯ ತಿಂಗಳಿನಿಂದ ರಾತ್ರಿಯ ಅಡುಗೆ ಪೂರ್ತಿ ಸೊಸೆಯದು. ಏನು ಮಾಡಬೇಕು, ಎಷ್ಟು, ಖಾರ ಎಷ್ಟು, ಎಲ್ಲ ಅವಳದೇ. ಆ ಹೊತ್ತಿನಲ್ಲಿ ಅತ್ತೆ ಅಡುಗೆಮನೆ ಹೊಕ್ಕು ರುಚಿ ನೋಡಬಾರದು. ಎರಡು ವಾರ ಪಲ್ಯ ಕೆಡಬಹುದು, ಕೆಡಲಿ. ಅರ್ಧ ಬಿಟ್ಟುಕೊಟ್ಟು ಮೊದಲ ಸಲ ಸೀದಾಗ ಹಿಂದಕ್ಕೆ ಕಸಿದುಕೊಂಡರೆ, ಕೊಡದೇ ಇದ್ದದ್ದಕ್ಕಿಂತ ಕೆಟ್ಟದ್ದಾಗುತ್ತದೆ.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ 14ರ ಹುಡುಗಿಗೂ ನಿದ್ದೆ ಬರುತ್ತಿರುವುದಿಲ್ಲ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ಒಂದೆರಡು ತಾಸು ತಡವಾಗಿ ಸ್ರವಿಸುತ್ತದೆ. ಹನ್ನೊಂದರವರೆಗೆ ಕಣ್ಣು ಮುಚ್ಚುವುದಿಲ್ಲ, ಬೇಕಾದದ್ದು ಮಾತ್ರ ಎಂಟರಿಂದ ಹತ್ತು ತಾಸು. ಮೂರಕ್ಕೇ ಎದ್ದು ಕುಳಿತ ತಾಯಿ ಐದೂವರೆಗೆ ಮಗಳ ಹೊದಿಕೆ ಕಿತ್ತುತ್ತಾಳೆ. ಮಗಳ ಮುಟ್ಟು ಮೊದಲೆರಡು ವರ್ಷ ಕ್ರಮಕ್ಕೆ ಬಂದಿರುವುದಿಲ್ಲ, ತಾಯಿಯದು ಕ್ರಮ ತಪ್ಪುತ್ತಿರುತ್ತದೆ. ಒಂದೇ ದಾರಿಯ ಎರಡು ತುದಿಯಲ್ಲಿ ನಿಂತವರು ಇವರು. ಹೇಳಿದರೆ ಇಬ್ಬರಿಗೂ ತಿಳಿಯುತ್ತದೆ. ಹುಡುಗಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಊಟದ ಮೇಲೆ ನುಂಗಿಸಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬಂದು ಕದ್ದು ಬಿಸಾಡುವುದೇ ಹೆಚ್ಚು. ಮುಂದಿನ ಒಂದು ತಾಸು ಚಹಾ ಕೊಡಬೇಡಿ.

ಆಯಿಗೆ ಯಾರ ಮಾತು ಕೇಳಿಸುತ್ತದೆ

'ಮಗಾ ಕರದ್ರ ಓ ಅಂತಾಳ, ನಾ ಹತ್ತ ಸಲಾ ಕರದ್ರೂ ಕೇಳಿಸ್ಕೊಂಡ್ರೂ ಸುಮ್ನಿರತಾಳ.' ಆಯಿಯ ಬಗ್ಗೆ ಸೊಸೆಯ ಈ ದೂರು ಸುಳ್ಳಲ್ಲ, ಅದರ ಅರ್ಥ ಮಾತ್ರ ಬೇರೆ. ವಯಸ್ಸಾದಂತೆ ಒಳಗಿವಿಯಲ್ಲಿ ಮೊದಲು ಸಾಯುವುದು ಕೀರಲು ಸ್ವರ ಹಿಡಿಯುವ ಕೋಶಗಳು. ಗಂಡಸರ ದಪ್ಪ ದನಿ ಕೆಳಸ್ತರದ್ದು, ಅದು ಉಳಿಯುತ್ತದೆ. ಹೆಂಗಸರು, ಮಕ್ಕಳ ದನಿ ಮೇಲುಸ್ತರದ್ದು, ಅದು ಮೊದಲು ಮಂಕಾಗುತ್ತದೆ. ಸ್ವರಾಕ್ಷರ ಕೇಳುತ್ತದೆ, ಸ, ಶ, ತ, ಕ, ಪ ತಪ್ಪಿಹೋಗುತ್ತವೆ. ಹಾಗಾಗಿ 'ತಾಸು' ಅಂದದ್ದು 'ಕಾಸು' ಆಗುತ್ತದೆ. ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಹೊಸ ಸೊಸೆಯಂತೂ ಸೆರಗು ಹೊದ್ದು, ತಲೆ ಬಗ್ಗಿಸಿ, ಮೆಲ್ಲಗೆ ಮಾತಾಡುವುದನ್ನು ಮರ್ಯಾದೆ ಎಂದು ಕಲಿತು ಬಂದಿರುತ್ತಾಳೆ. ಆಯಿಗೆ ತುಟಿಯ ಸುಳಿವೂ ಸಿಗುವುದಿಲ್ಲ. ಮರ್ಯಾದೆ ತೋರಿಸಿದವಳೇ ಮಾತಾಡದವಳಾಗುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚಿನವರಿಗೆ ತೊಡಕಾಗುವಷ್ಟು ಶ್ರವಣ ನಷ್ಟವಿದೆ. ಕೇಳಿಸದಿರುವುದು ದೀರ್ಘಕಾಲದಲ್ಲಿ ಮರೆಗುಳಿತನದ ಅಪಾಯವನ್ನೂ ಹೆಚ್ಚಿಸುತ್ತದೆ.

ಕೂಗುವುದು ಪರಿಹಾರವಲ್ಲ. ಕೂಗಿದಾಗ ದನಿ ಇನ್ನೂ ಕೀರಲಾಗುತ್ತದೆ, ಮುದಿ ಕಿವಿಗೆ ಜೋರು ಸದ್ದು ಒಮ್ಮೆಲೇ ಚುಚ್ಚುತ್ತದೆ, ಆಯಿ 'ಒದರಬ್ಯಾಡ' ಎಂದು ರೇಗುತ್ತಾಳೆ. ಮೂರು-ನಾಲ್ಕು ಅಡಿ ಹತ್ತಿರ, ಮುಖಕ್ಕೆ ಮುಖ ಕೊಟ್ಟು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕುಳಿತು, ದನಿ ತುಸು ದಪ್ಪ ಮಾಡಿ ನಿಧಾನ ಮಾತಾಡಿ. ಟಿವಿ, ಮಿಕ್ಸರ್ ಬಂದ್ ಮಾಡಿ. ತಿಳಿಯದಿದ್ದರೆ ಅದೇ ವಾಕ್ಯ ಮತ್ತೆ ಹೇಳದೆ ಬೇರೆ ಶಬ್ದಗಳಲ್ಲಿ ಹೇಳಿ. ಎಲ್ಲಕ್ಕಿಂತ ಮೊದಲು ಕಿವಿ ವೈದ್ಯರಲ್ಲಿ ಗುಗ್ಗಿ (ಕಿವಿಯ ಮೇಣ) ನೋಡಿಸಿ. ಕೆಲವರಿಗೆ ಅದನ್ನು ತೆಗೆದರೆ ಸಾಕು. ಶ್ರವಣಯಂತ್ರ ಬೇಕಾದರೆ ಬಡ ಕುಟುಂಬದ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತದೆ. ಯಂತ್ರ ತಂದ ದಿನವೇ ಜಾತ್ರೆಗೆ ಹಾಕಿಸಿಕೊಂಡು ಹೋದರೆ ಕೆಲಸ ಕೆಟ್ಟಿತು: ವರ್ಷಗಳಿಂದ ಕೇಳದ ಪಾತ್ರೆ, ಹಾರ್ನ್, ಮೋಟರ್ ಸದ್ದೆಲ್ಲ ಒಮ್ಮೆಗೇ ನುಗ್ಗಿ ತಲೆ ಸಿಡಿಯುತ್ತದೆ, ಯಂತ್ರ ಡಬ್ಬಿ ಸೇರುತ್ತದೆ. ಮೊದಲ ವಾರ ಶಾಂತ ಕೋಣೆಯಲ್ಲಿ ದಿನಕ್ಕೆ ಒಂದೆರಡು ತಾಸು, ಆಮೇಲೆ ಏರಿಸುತ್ತ ಹೋದರೆ ನಾಲ್ಕಾರು ವಾರದಲ್ಲಿ ಮಿದುಳು ಒಗ್ಗಿಕೊಳ್ಳುತ್ತದೆ.

'ಏನರ ವಿಶೇಷ?'

ಸೊಸೆಯ ಕಡೆಯಿಂದ ನೋಡಿದರೆ, 21ಕ್ಕೆ ಅವಳು ಒಂದೇ ದಿನದಲ್ಲಿ ಊರು, ಅಡುಗೆಮನೆ, ಗೆಳತಿಯರು, ಮಲಗುವ ಮಗ್ಗುಲು ಎಲ್ಲ ಬದಲಿಸಿರುತ್ತಾಳೆ. ಅಥಣಿ, ಚಿಕ್ಕೋಡಿ ಕಡೆ ಗಡಿಯಾಚೆಯ ಮಿರಜ, ಜತ್ತದಿಂದ ಬಂದವಳಿಗೆ ಎಷ್ಟೋ ಸಲ ಮನೆಮಾತೂ ಬದಲು. ಮುಂದಾಲೋಚನೆ, ಸಿಟ್ಟಿನ ಹಿಡಿತ ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಮಾಗುವುದು 25ರ ಆಸುಪಾಸಿಗೆ. ಅವಳಿನ್ನೂ ಬೆಳೆಯುತ್ತಿದ್ದಾಳೆ.

ಮೂರನೆಯ ತಿಂಗಳಿಗೇ ಶುರುವಾಗುವ 'ಏನರ ವಿಶೇಷ?' ಪ್ರಶ್ನೆಗೆ ದೇಹಶಾಸ್ತ್ರದ ಉತ್ತರ ಸರಳ. ಗಂಡ-ಹೆಂಡತಿ ಕೂಡಿ ಇದ್ದು, ತಡೆ ಬಳಸದಿದ್ದರೆ, ನೂರರಲ್ಲಿ 80-85 ಜೋಡಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. 35ರೊಳಗಿನವರು ವರ್ಷ ತುಂಬುವ ಮೊದಲು ತಪಾಸಣೆಗೆ ಓಡಬೇಕಿಲ್ಲ. ಓಡುವುದಾದರೆ ಗಂಡನ ವೀರ್ಯ ಪರೀಕ್ಷೆಯೂ ಮೊದಲ ದಿನವೇ ಆಗಲಿ. ಅದು ಅಗ್ಗ, ನೋವಿಲ್ಲದ್ದು. ಹಾಗಿದ್ದೂ ಹೆಣ್ಣಿಗೆ ನಾಲ್ಕು ಬಗೆಯ ಪರೀಕ್ಷೆ ಮುಗಿದ ಮೇಲೆ ಅವನನ್ನು ಕರೆಯುವ ರೂಢಿ ಅನ್ಯಾಯದ್ದು. ಗರ್ಭ ಬಯಸುವವಳು ಒಂದು ತಿಂಗಳು ಮುಂಚೆಯೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಶುರುಮಾಡಬೇಕು. ಸೋದರಿಕೆಯ ಮದುವೆಯಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ: ಸಾಮಾನ್ಯವಾಗಿ ನೂರಕ್ಕೆ ಎರಡು-ಮೂರರಷ್ಟಿರುವ ಜನ್ಮದೋಷದ ಸಾಧ್ಯತೆ ಅತ್ತೆ-ಮಾವನ ಮಕ್ಕಳು ಮದುವೆಯಾದಾಗ ಸುಮಾರು ಇಮ್ಮಡಿಯಾಗುತ್ತದೆ, ಸೋದರಮಾವ ಅಕ್ಕನ ಮಗಳನ್ನು ಮದುವೆಯಾದಾಗ ರಕ್ತದ ನಂಟು ಅದರ ಎರಡು ಪಟ್ಟು ಹತ್ತಿರ.

ಕುಬಸ (ಸೀಮಂತ) ಮಾಡಿಸಿಕೊಂಡು ತವರಿಗೆ ಹೋದ ಮೇಲೆ ಚೊಚ್ಚಲ ಬಾಣಂತನ ಅಲ್ಲೇ. ಈ ಪದ್ಧತಿ ಬಹಳ ಒಳ್ಳೆಯದು. ಹೆತ್ತವಳಿಗೆ ತನ್ನ ತಾಯಿಯ ಆರೈಕೆ ಸಿಗುತ್ತದೆ. ಆದರೆ ಮನಸ್ಸಿನ ಕಡೆ ಯಾರೂ ನೋಡುವುದಿಲ್ಲ. ಮೂರನೆಯ ದಿನದಿಂದ ಹತ್ತನೆಯ ದಿನದವರೆಗೆ ಸುಮ್ಮಸುಮ್ಮನೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಎರಡು ವಾರ ದಾಟಿಯೂ ಕೂಸಿನ ಮೇಲೆ ಮನಸ್ಸು ಹೋಗದಿದ್ದರೆ, ಕೂಸು ಮಲಗಿದಾಗಲೂ ತಾನು ಮಲಗಲಾರದಿದ್ದರೆ, 'ನನ್ನಿಂದ ಏನೂ ಆಗೂದಿಲ್ಲ' ಎನ್ನುತ್ತಿದ್ದರೆ ಅದು ಖಿನ್ನತೆ. ಹತ್ತು ಬಾಣಂತಿಯರಲ್ಲಿ ಒಬ್ಬರಿಗಾದರೂ ಬರುವ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ. ಹೆಣ್ಣು ಹುಟ್ಟಿತೆಂದು ಗಂಡನ ಮನೆಯವರು ನೋಡಲು ಬಾರದಿದ್ದರೆ ಇದು ಬೇಗ ಹಿಡಿಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಸ್ಥಿತಿ ಅಪರೂಪ, ಸಾವಿರ ಹೆರಿಗೆಗೆ ಒಂದೋ ಎರಡೋ. ಮೊದಲ ಎರಡು ವಾರದಲ್ಲಿ ದಿಢೀರನೆ ನಿದ್ದೆ ಪೂರ್ತಿ ಹೋಗುತ್ತದೆ, ಬಾಣಂತಿ ಅಸಂಬದ್ಧ ಮಾತಾಡುತ್ತಾಳೆ, ಯಾರೋ ಕೂಸನ್ನು ಒಯ್ಯುತ್ತಾರೆ ಎನ್ನುತ್ತಾಳೆ, ಇಲ್ಲದ ದನಿ ಕೇಳುತ್ತಾಳೆ. 'ಗಾಳಿ ಸೋಂಕೇತಿ' ಎಂದು ದೇವರ ಗುಡಿ, ದರ್ಗಾ ಸುತ್ತಿಸುವುದರಲ್ಲಿ ಎರಡು ದಿನ ಕಳೆದರೆ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಅದೇ ದಿನ ಮನೋವೈದ್ಯರಿರುವ ಆಸ್ಪತ್ರೆಗೆ ಒಯ್ಯಬೇಕು, ಅಲ್ಲಿಯತನಕ ಕೂಸಿನ ಜೊತೆ ಅವಳೊಬ್ಬಳನ್ನೇ ಬಿಡಬಾರದು.

ಐದನೆಯ ತಿಂಗಳಿಗೆ ಕರೆತರುವುದೋ, ಒಂಬತ್ತಕ್ಕೋ

ಕೂಸು ಹುಟ್ಟಿದ ಆರೆಂಟು ವಾರಕ್ಕೆ ಮುಖ ನೋಡಿ ನಗುತ್ತದೆ. ಐದು ತಿಂಗಳವರೆಗೆ ಯಾರು ಎತ್ತಿಕೊಂಡರೂ ಹೋಗುತ್ತದೆ. ಏಳು-ಎಂಟನೆಯ ತಿಂಗಳಲ್ಲಿ ಚಿತ್ರ ಬದಲಾಗುತ್ತದೆ: ತನ್ನವರ ಮುಖವನ್ನು ನೆನಪಿನಲ್ಲಿಟ್ಟು ಹೊಸ ಮುಖದ ಜೊತೆ ಹೋಲಿಸುವ ಶಕ್ತಿ ಬರುತ್ತದೆ, ಹೊಸಬರನ್ನು ಕಂಡು ಚೀರುತ್ತದೆ. ಮಿದುಳು ಸರಿಯಾಗಿ ಬೆಳೆಯುತ್ತಿದೆ ಎಂಬುದರ ಗುರುತು ಇದು. ಒಂಬತ್ತನೆಯ ತಿಂಗಳಿಗೆ ಗಂಡನ ಮನೆಗೆ ತೊಟ್ಟಿಲು ಬಂದರೆ ಅಪ್ಪನ ಕಡೆಯ ಅಜ್ಜಿ ಕೈಚಾಚಿದ ಕೂಡಲೇ ಕೂಸು ಕಿರುಚಿ ತಾಯಿಯ ಕೊರಳಿಗೆ ಜೋತುಬೀಳುತ್ತದೆ. 'ತವರವರು ಕಲಸ್ಯಾರ' ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಯಾರೂ ಏನೂ ಕಲಿಸಿರುವುದಿಲ್ಲ.

ಸಾಧ್ಯವಾದರೆ ಐದನೆಯ ತಿಂಗಳಿಗೇ ಕರೆತನ್ನಿ. ಅಪ್ಪನೂ ಆ ಅಜ್ಜಿಯೂ ಅಷ್ಟರೊಳಗೆ ಹಲವು ಸಲ ತವರಿಗೆ ಹೋಗಿ ಕೂಸನ್ನು ಎತ್ತಿ ಆಡಿಸಿರಲಿ. ತಡವಾಗಿದ್ದರೆ ಅಜ್ಜಿ ನೆಲದ ಮೇಲೆ, ಕೂಸಿನ ಮಟ್ಟಕ್ಕೆ ಕುಳಿತು, ನೇರ ದಿಟ್ಟಿಸದೆ, ತಾಯಿಯ ಜೊತೆ ನಗುತ್ತ ಮಾತಾಡಲಿ. ಕೈಯಲ್ಲಿ ಗಿಲಕಿ ಇರಲಿ. ಕೂಸು ತಾನಾಗಿ ಅಂಬೆಗಾಲಿಟ್ಟು ಬರಲು ಬಿಡಿ. ದಿನಕ್ಕೆ ಹದಿನೈದು ನಿಮಿಷದಂತೆ ಒಂದೆರಡು ವಾರದಲ್ಲಿ ಬಹುತೇಕ ಕೂಸುಗಳು ಒಗ್ಗುತ್ತವೆ. ಕೆಡುವುದು ಯಾವಾಗ? ಅಳುವ ಕೂಸನ್ನು ಕಸಿದುಕೊಂಡು 'ರೂಢಿ ಆಗ್ಲಿ' ಎಂದು ತಾಯಿಯನ್ನು ಒಳಗೆ ಕಳಿಸಿದಾಗ. ಎರಡನೆಯ ಸಲ ಅಜ್ಜಿಯ ಸೀರೆ ಕಂಡರೇ ಅಳು ಶುರುವಾಗುತ್ತದೆ. ಕೂಡು ಕುಟುಂಬದ ಕೂಸು ಒಬ್ಬಳಿಗೇ ಅಂಟಿಕೊಳ್ಳಬೇಕೆಂದೇನಿಲ್ಲ. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಉಗಾಂಡದ ಹಳ್ಳಿಮನೆಗಳಲ್ಲಿ 1954-55ರಲ್ಲಿ ಅಧ್ಯಯನ ಮಾಡಿದಾಗ, ಕೂಸು ಉಣಿಸದವರನ್ನೂ, ತನ್ನ ಸನ್ನೆಗೆ ಸ್ಪಂದಿಸುವ ಅಪ್ಪ-ಅಜ್ಜಿಯರನ್ನೂ ಹಚ್ಚಿಕೊಳ್ಳುವುದು ಕಂಡಿತ್ತು.

ಇದೇ ಬೆಳವಣಿಗೆ ಇನ್ನೊಂದು ಕಡೆ ಗಾಯ ಮಾಡುತ್ತದೆ. ವಿಜಯಪುರ, ಬಾಗಲಕೋಟೆಯ ತಾಂಡಾಗಳಿಂದ ದೀಪಾವಳಿಯ ಸುತ್ತ ಕಬ್ಬು ಕಡಿಯಲು, ಗೋವಾದ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ತಂದೆತಾಯಿ ಕೂಸನ್ನು ಅಜ್ಜ-ಅಜ್ಜಿಯ ಬಳಿ ಬಿಡುತ್ತಾರೆ. ಎಂಟು ತಿಂಗಳಿಂದ ಮೂರು ವರ್ಷದ ನಡುವಿನ ಕೂಸು ಮೊದಲು ಚೀರುತ್ತದೆ, ಆಮೇಲೆ ಮಂಕಾಗುತ್ತದೆ, ಆಮೇಲೆ ಮರೆತಂತೆ ಕಾಣುತ್ತದೆ. ನಾಲ್ಕೈದು ತಿಂಗಳ ನಂತರ ತಾಯಿ ಬಂದಾಗ ಮುಖ ತಿರುಗಿಸುತ್ತದೆ. ಈ ತಿರುಗಿದ ಮುಖ ಮರೆವಲ್ಲ, ನೋವು. ಎತ್ತಿಕೊಳ್ಳಲು ಜುಲುಮೆ ಮಾಡದೆ ಅಜ್ಜಿಯ ಜೊತೆಗೇ ಹತ್ತು-ಹದಿನೈದು ದಿನ ಇದ್ದರೆ ಮೊದಲು ಸಿಟ್ಟು, ಆಮೇಲೆ ಸೆರಗು ಬಿಡದ ಹಟ ಬರುತ್ತದೆ. ಎರಡೂ ಒಳ್ಳೆಯ ಸುದ್ದಿ. ಹೋಗುವಾಗ ಮಲಗಿಸಿ ಕದ್ದು ಹೋಗಬಾರದು. ಅತ್ತರೂ ಸರಿ, ಹೇಳಿ ಹೋಗಬೇಕು, ತಾಯಿಯ ಹಳೆಯ ಸೀರೆಯ ತುಂಡು ಬಿಟ್ಟು ಹೋಗಬೇಕು, ದಿನಾ ಒಂದೇ ಹೊತ್ತಿಗೆ ವಿಡಿಯೊ ಕರೆ ಮಾಡಬೇಕು.

ಯಜಮಾನ, ಮಗ, ಪಹಣಿ

25ರ ಮಗ ಅವ್ವ-ಹೆಂಡತಿಯ ನಡುವೆ ಟಪಾಲಿನವನಾಗುತ್ತಾನೆ. ಇಬ್ಬರ ನಡುವೆ ಬಿಗುವಾದಾಗ ಮೂರನೆಯವರನ್ನು ಎಳೆದು ಹಗುರಾಗುವುದು ಎಲ್ಲ ಕುಟುಂಬಗಳ ಸ್ವಭಾವ. 'ಅವ್ವ ಹಿಂಗಂದ್ಲು' ಎಂದು ಅವನು ಒಯ್ದ ಮಾತು ಒಂದಕ್ಕೆ ಎರಡಾಗುತ್ತದೆ, ಕಡೆಗೆ ಅವನು ಕಟ್ಟೆ, ಗುಟ್ಕಾ, ಮೊಬೈಲಿಗೆ ಜಾರುತ್ತಾನೆ. ಅವನು ಹಿಡಿಯಬೇಕಾದ ನಿಯಮ ಒಂದು: ಮಾತು ಒಯ್ಯುವುದಿಲ್ಲ. 'ಆಕಿಗೇ ಹೇಳವ್ವ, ನಾ ಬಾಜೂಕ ಕುಂದ್ರತೀನಿ.'

51ರ ಅಪ್ಪನ ತಿರುವು ಬೇರೆ. ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ 1950ರಲ್ಲಿ ಮುಂದಿಟ್ಟ ಎಂಟು ಹಂತಗಳಲ್ಲಿ ಈ ವಯಸ್ಸಿನದು ಮುಂದಿನ ಪೀಳಿಗೆಯನ್ನು ಬೆಳೆಸುವ ಹಂತ. ಅದಾಗದಿದ್ದರೆ ಮನುಷ್ಯ ಬತ್ತುತ್ತಾನೆ. ಕಬ್ಬಿನ ಬಿಲ್ಲು ಅಪ್ಪನ ಖಾತೆಗೆ, ಪಹಣಿ ಅಪ್ಪನ ಅಥವಾ ಆಯಿಯ ಹೆಸರಿಗೆ, 25ರ ಮಗ ಹೆಂಡತಿಗೆ ಬಳೆ ಕೊಡಿಸಲೂ ಕೈಯೊಡ್ಡಬೇಕು. ಇದಕ್ಕೂ ಅಡುಗೆಮನೆಯ ಉಪಾಯವೇ. ಒಂದೆಕರೆಯ ಕಬ್ಬನ್ನು ಬೀಜದಿಂದ ಬಿಲ್ಲಿನವರೆಗೆ ಮಗನಿಗೆ ಬಿಡಿ: ಗೊಬ್ಬರದ ಸಾಲವೂ ಅವನದು, ಬಂದ ಹಣವೂ ಅವನದು. ದುಡಿಮೆ ಕೊಟ್ಟು ಹಣ ಕೊಡದಿರುವುದು, ಮೊದಲ ನಷ್ಟಕ್ಕೆ ಹಿಂದಕ್ಕೆ ತೆಗೆದುಕೊಳ್ಳುವುದು, ಇವೆರಡರಲ್ಲೇ ಇದು ಮುರಿಯುತ್ತದೆ.

ಪಾಲಿನ ಮಾತು ಬಂದಾಗ ಹೆಣ್ಣುಮಕ್ಕಳನ್ನು ಮರೆಯುವಂತಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು, ಆಗಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ತಂದೆಯ ದಿನಕರ್ಮದ ಮರುದಿನ, ಅಳು ಆರದ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಆತುರ ಬೇಡ. ಒಡಹುಟ್ಟಿದವರ ನಂಟು ಹೆತ್ತವರಿಗಿಂತ, ಗಂಡ-ಹೆಂಡತಿಗಿಂತ ಹೆಚ್ಚು ವರ್ಷ ಬಾಳುವಂಥದ್ದು. ನಾಗರಪಂಚಮಿಗೆ ತಂಗಿ ಜೋಕಾಲಿಗೆ ಬಾರದ ಮನೆಗಳಲ್ಲಿ ಎಷ್ಟೋ ಸಲ ಹಿಂದೆ ಇಂಥದೊಂದು ಸಹಿ ಇರುತ್ತದೆ.

ಹಿರಿಯರು ಬದುಕಿರುವಾಗಲೇ ಆಸ್ತಿ ಬರೆದುಕೊಡುವುದಾದರೆ, ತಮ್ಮನ್ನು ಕಡೆತನಕ ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಬೇಕು. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಡಿ ಪತ್ರ ರದ್ದು ಮಾಡಿಸಬಹುದು. ಷರತ್ತು ಬಾಯಿಮಾತಿನಲ್ಲೇ ಇದ್ದರೆ ಹೋರಾಟ ಕಷ್ಟ. ಜೀವನಾಂಶಕ್ಕೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು, ಜಮಖಂಡಿ, ಇಂಡಿ, ಚಿಕ್ಕೋಡಿ, ಬೈಲಹೊಂಗಲದಲ್ಲೇ ಕಚೇರಿಗಳಿವೆ. ಹಿರಿಯರ ಸಹಾಯವಾಣಿ 14567.

ತಿಂಗಳ ಪಾಳಿ

ಒಲೆ ಬೇರೆಯಾದ ಮೇಲೆ ಆಯಿಯೂ ಪಾಲಾಗುತ್ತಾಳೆ: ಈ ತಿಂಗಳು ದೊಡ್ಡವನ ಮನೆ, ಮುಂದಿನ ತಿಂಗಳು ಸಣ್ಣವನ ಮನೆ. ಗಂಡುಮಕ್ಕಳ ನಡುವೆ ಇದು ನ್ಯಾಯವಾಗಿ ಕಾಣುತ್ತದೆ. ಕಣ್ಣು-ಕಿವಿ ಗಟ್ಟಿ ಇರುವ ತನಕ ನಡೆಯುತ್ತದೆ. ಮರೆವು ಶುರುವಾದ ಮೇಲೆ ನಡೆಯುವುದಿಲ್ಲ. ಮುದುಕರು ಕತ್ತಲಲ್ಲಿ ಬಚ್ಚಲಿಗೆ ಹೋಗುವುದು ಕಾಲಿನ ರೂಢಿಯಿಂದ: ಎದ್ದು ಬಲಕ್ಕೆ ಏಳು ಹೆಜ್ಜೆ, ಹೊಸ್ತಿಲು, ಎಡಕ್ಕೆ ಬಾಗಿಲು. ಮನೆ ಬದಲಾದ ಮೊದಲ ವಾರ ಆ ಲೆಕ್ಕ ತಪ್ಪುತ್ತದೆ, ಬಿದ್ದು ಚಪ್ಪೆಯೆಲುಬು ಮುರಿಯುತ್ತದೆ. ಸಂಜೆಯಾದರೆ 'ನಮ್ಮನಿಗೆ ಹೋಗೂಣ ನಡೀರಿ' ಎಂದು ಹಟ ಹಿಡಿಯುತ್ತಾಳೆ, ಅದು ಸೊಸೆಗೆ ಅವಮಾನವೆನಿಸುತ್ತದೆ.

ಆಯಿ ಒಂದೇ ಮನೆಯಲ್ಲಿರಲಿ; ಉಳಿದ ಮಕ್ಕಳು ತಮ್ಮ ತಿಂಗಳ ಪಾಲಿನ ಜೋಳ, ಔಷಧದ ಖರ್ಚು, ರಾತ್ರಿ ಎಚ್ಚರವಿರುವ ಸರದಿಯನ್ನು ಅಲ್ಲಿಗೇ ತಂದು ಒಪ್ಪಿಸಲಿ. ಮೂರನೆಯದನ್ನು ಮರೆಯುತ್ತಾರೆ, ಭಾರವಾದದ್ದು ಅದೇ. ಒಯ್ಯಲೇಬೇಕಾದರೆ ಆರು ತಿಂಗಳಿಗೊಮ್ಮೆ ಒಯ್ಯಿರಿ, ಹಗಲು ಹೊತ್ತಿನಲ್ಲಿ, ಗುಳಿಗೆಗಳ ಚೀಟಿಯ ಜೊತೆಗೆ. ಮಂಚವನ್ನು ಹಳೆಯ ಮನೆಯಲ್ಲಿದ್ದ ದಿಕ್ಕಿಗೇ ಹಾಕಿ, ಬಚ್ಚಲು ಇಳಿಯುವ ಮಗ್ಗುಲಿಗೇ ಬರುವಂತೆ. ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬು, ಗೋಡೆಗೆ ಸೊಂಟದೆತ್ತರದಲ್ಲಿ ಹಿಡಿಯಲು ಕಟ್ಟಿಗೆಯ ಪಟ್ಟಿ. ಹಾಸಿಗೆಯ ಮೇಲೆ ಅವಳೇ ಹೊಲಿದ ಹಳೆಯ ಕೌದಿ, ಹೊಸದು ಬೇಡ. ಕತ್ತಲಲ್ಲಿ ಎಚ್ಚರವಾದಾಗ ಕೈ ಆಡಿಸಿದರೆ ಆ ಹೊಲಿಗೆ ಸಾಲುಗಳು ಸಿಗಬೇಕು.